ತಲೆ ಎತ್ತಿ ಕೇಳದ ಹೊಸಬನಿಗೆ ಬರೆಯುವುದು

(ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಭಾನುವಾರ ಸಾಫ್ಟ್‌ವೇರ್ ಕೆಲಸದವರು, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದಾಗ ಆಡಿದ ಮಾತು. ಬರೆದುಕೊಳ್ಳುವಾಗ ಜಾಸ್ತಿ ತಿದ್ದಿಲ್ಲ.)

ಒಂದು ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ನಮ್ಮ ಆಫೀಸಿನಿಂದ 43 ಗ್ರಾಹಕರಿಗೆ ಒಟ್ಟಿಗೇ ಇ-ಮೇಲ್ ಹೋಯಿತು. "ನಿಮ್ಮ ದೂರು ಬಗೆಹರಿದಿದೆ. ಟಿಕೆಟ್ ಮುಚ್ಚಲಾಗಿದೆ" ಅಂತ. ಎಷ್ಟೋ ಜನರ ದೂರು ಬಗೆಹರಿದೇ ಇರಲಿಲ್ಲ. ಶನಿವಾರ ಬೆಳಿಗ್ಗೆ ಸಪೋರ್ಟ್ ಕೆಲಸಕ್ಕೆ ಇದ್ದದ್ದು ಒಬ್ಬಳೇ ಹುಡುಗಿ. ಅವಳಿಗೆ ಮಧ್ಯಾಹ್ನದವರೆಗೆ ಕಾಫಿ ಕುಡಿಯಲೂ ಬಿಡುವಾಗಲಿಲ್ಲ.

ಟಿಕೆಟ್ ಮುಚ್ಚಿದ್ದು ಎರಡು ವಾರದ ಹಿಂದೆ ನಾವೇ ಜೋಡಿಸಿದ್ದ ಎಐ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಪ್ರೋಗ್ರಾಂ. ಮ್ಯಾನೇಜರ್ ಅದಕ್ಕೆ ಟೈಪ್ ಮಾಡಿದ್ದು ಒಂದೇ ಸಾಲು: "ಮುಗಿದಿರೋ ಟಿಕೆಟ್‌ಗಳನ್ನೆಲ್ಲ ಕ್ಲೋಸ್ ಮಾಡು." ಅದು ಮಾಡಿತು. ಸೋಮವಾರ ಕೂತು ಲಾಗ್ ತೆಗೆದು ನೋಡಿದೆವು. ಕೋಡ್ ಸರಿಯಾಗಿತ್ತು. ಅದರ ಹಿಂದಿನ ಎಐ ಮಾಡೆಲ್ ಕೂಡ ಒಳ್ಳೆಯದೇ. ಎಡವಟ್ಟು ಇದ್ದದ್ದು ಟೂಲ್‌ನ ವಿವರಣೆಯಲ್ಲಿ. ಅದನ್ನು ಬರೆದದ್ದು ನಾನು. ಪೂರ್ತಿ ಓದಿಬಿಡುತ್ತೇನೆ, ಚಿಕ್ಕದೇ: "ಟಿಕೆಟ್‌ನ ಸ್ಥಿತಿಯನ್ನು ಬದಲಿಸುತ್ತದೆ."

ಬರೆಯುವಾಗ ನನಗೆ ಇದರಲ್ಲಿ ಏನೂ ಕೊರತೆ ಕಾಣಲಿಲ್ಲ. ಸುಳ್ಳೇನಲ್ಲವಲ್ಲ? ಸ್ಥಿತಿ ಬದಲಿಸುವುದೇ ಅದರ ಕೆಲಸ. ಆದರೆ ನಮ್ಮ ಆಫೀಸಿನಲ್ಲಿ "ಡನ್" ಅಂದರೆ ಡೆವಲಪರ್ ಕೈಯಿಂದ ಕೆಲಸ ಇಳಿಯಿತು ಅಂತ. "ಕ್ಲೋಸ್ಡ್" ಅಂದರೆ ಗ್ರಾಹಕರು ನೋಡಿ ಒಪ್ಪಿದರು ಅಂತ. ಕ್ಲೋಸ್ಡ್ ಆದ ಕೂಡಲೇ ಅವರಿಗೆ ಮೇಲ್ ಹೋಗುತ್ತದೆ. ಇಷ್ಟೂ ನಮ್ಮೆಲ್ಲರಿಗೂ ಗೊತ್ತು. ಎಲ್ಲೂ ಬರೆದಿರಲಿಲ್ಲ.

ಟೂಲ್ ಅಂದರೆ ಏನು ಅನ್ನುವುದನ್ನು ವಿದ್ಯಾರ್ಥಿಗಳಿಗೋಸ್ಕರ ಎರಡು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಮಾಡೆಲ್‌ಗೆ ಬರುವುದು ಪಠ್ಯ ಬರೆಯುವುದು. ಟಿಕೆಟ್ ಹುಡುಕು, ಕಾಮೆಂಟ್ ಹಾಕು, ಇಂಥ ಕೆಲಸಕ್ಕೆ ನಾವು ಫಂಕ್ಷನ್‌ಗಳನ್ನು ಕೊಡುತ್ತೇವೆ. ಯಾವುದನ್ನು ಯಾವಾಗ ಕರೆಯಬೇಕು ಅಂತ ಅದು ಆರಿಸುತ್ತದೆ. ಓಪನ್‌ಎಐ ತನ್ನ ಎಪಿಐನಲ್ಲಿ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ಬಾಗಿಲು) ಈ ಅನುಕೂಲ ಕೊಟ್ಟಿದ್ದು 2023ರ ಜೂನ್‌ನಲ್ಲಿ. ಆಂತ್ರಾಪಿಕ್ 2024ರ ನವೆಂಬರ್‌ನಲ್ಲಿ ಎಂಸಿಪಿ ಅನ್ನುವ ಪ್ರೋಟೋಕಾಲ್ ಹೊರತಂದಿತು. ಆಮೇಲೆ ಒಂದು ಕಡೆ ಬರೆದ ಟೂಲ್ ಅನ್ನು ಹತ್ತು ಕಡೆ ಜೋಡಿಸುವುದು ಸಲೀಸಾಯಿತು. ಇದರಲ್ಲೆಲ್ಲ ಮಾಡೆಲ್‌ಗೆ ಕಾಣುವುದು ಮೂರೇ: ಟೂಲ್‌ನ ಹೆಸರು, ವಿವರಣೆ, ಏನೇನು ತುಂಬಬೇಕು ಅನ್ನುವ ಪಟ್ಟಿ. ಒಳಗಿನ ಕೋಡ್ ಕಾಣುವುದಿಲ್ಲ. ಸ್ಕ್ರೀನ್ ಮೇಲಿನ ಕೆಂಪು ಬಟನ್ ಕಾಣುವುದಿಲ್ಲ. "ನಿಜವಾಗಲೂ ಕಳಿಸಬೇಕಾ?" ಅಂತ ಕೇಳುವ ಪೆಟ್ಟಿಗೆಯೂ ಕಾಣುವುದಿಲ್ಲ.

ಕೋಡ್‌ನಲ್ಲಿ ಕಾಮೆಂಟ್ ಬರೆಯುತ್ತೇವಲ್ಲ, ಯಾರೂ ಓದಲ್ಲ ಅನ್ನುವ ನಂಬಿಕೆಯಿಂದ? ವಿವರಣೆಯನ್ನೂ ನಾನು ಅದೇ ಗುಂಗಿನಲ್ಲಿ ಬರೆದಿದ್ದೆ. ಅದನ್ನು ಮಾಡೆಲ್ ಪ್ರತಿ ಸಲವೂ ಓದುತ್ತದೆ. ಅಷ್ಟು ಶ್ರದ್ಧೆಯಿಂದ ಓದುವವರು ನನ್ನ ಬರವಣಿಗೆಗೆ ಇನ್ನೆಲ್ಲೂ ಸಿಕ್ಕಿಲ್ಲ ಬಿಡಿ.

ನಮ್ಮ ತಾತನ ಊರು ಮಂಡ್ಯದ ಹತ್ತಿರ. ನಾಲೆ ಬಯಲು, ಭತ್ತ, ಕಬ್ಬು. ಊರಿಗೆ ಹೊಸ ನೀರಗಂಟಿ ಬಂದಾಗ "ತೂಬು ಎತ್ತಪ್ಪ" ಅಂದರೆ ಅವನು ಎತ್ತುತ್ತಿರಲಿಲ್ಲ. ತಲೆ ಎತ್ತಿ ಕೇಳುತ್ತಿದ್ದ. "ಯಾವ ತೂಬು ಗೌಡ್ರೆ? ಎಷ್ಟು ಎತ್ಲಿ? ಕೆಳಗಡೆ ಗದ್ದೇಲಿ ಕುಯ್ಲು ಮುಗುದೈತಾ?" ಕೊಯ್ಲಿಗೆ ಬಂದ ಗದ್ದೆಗೆ ನೀರು ನುಗ್ಗಿದರೆ ಏನಾಗುತ್ತದೆ ಅಂತ ಇಲ್ಲಿ ಕೂತಿರುವ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೂ ಹೀಗೇ. 43 ಟಿಕೆಟ್ ಮುಚ್ಚು ಅಂದರೆ ಮೊದಲನೆಯದಕ್ಕೇ ಪಕ್ಕದವರನ್ನು ಕೇಳುತ್ತಾನೆ, "ಇದು ಮುಚ್ಚಿದ್ರೆ ಮೇಲ್ ಹೋಗುತ್ತಾ?"

ಏಜೆಂಟ್ ಕೇಳುವುದೇ ಇಲ್ಲ ಅಂತೇನಿಲ್ಲ, ಕೆಲವು ಸಲ ಕೇಳುತ್ತದೆ. ಆದರೆ ಅನುಮಾನ ಬಂದರೆ ತಾನೇ ಕೇಳುವುದು? ನನ್ನ ಒಂದು ಸಾಲಿನಲ್ಲಿ ಅನುಮಾನ ಬರುವಂಥದ್ದು ಏನೂ ಇರಲಿಲ್ಲ. ಹಾಗಾಗಿ ಈಗ ವಿವರಣೆ ಬರೆಯಲು ಕೂತಾಗ ನಾನು ಹುಡುಕುವುದು ಒಂದೇ ಜಾಗ. ಈ ಕೆಲಸ ಕೊಟ್ಟರೆ ಹೊಸಬ ಎಲ್ಲಿ ತಲೆ ಎತ್ತುತ್ತಾನೆ? ಅಲ್ಲಿ ಅವನಿಗೆ ಏನು ಉತ್ತರ ಕೊಡುತ್ತಿದ್ದೆವೋ ಅದನ್ನೇ ಬರೆಯುವುದು.

ಇದಕ್ಕೆ ನಾವು ಒಂದು ಆಟ ಆಡುತ್ತೇವೆ. ಇಂಟರ್ನ್ ಒಬ್ಬರನ್ನು ಕೂರಿಸಿ, ಸ್ಕ್ರೀನ್ ತೋರಿಸದೆ, ವಿವರಣೆಯ ಹಾಳೆ ಮಾತ್ರ ಕೊಡುತ್ತೇವೆ. "ಈ ಕೆಲಸಕ್ಕೆ ಯಾವ ಟೂಲ್ ಕರೆಯುತ್ತೀಯ, ಏನು ತುಂಬುತ್ತೀಯ, ಪೆನ್ನಲ್ಲಿ ಬರಿ." ಅವರು ಬಾಯಿ ತೆರೆದ ಜಾಗವನ್ನೆಲ್ಲ ಗುರುತು ಹಾಕಿಕೊಳ್ಳುತ್ತೇವೆ. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ಹದಿನೇಳು ಪ್ರಶ್ನೆ ಬಂತು. ನಾಚಿಕೆಯಾಯಿತು.

ಅದರಲ್ಲಿ ಜಾಸ್ತಿ ಪ್ರಶ್ನೆ ಹೆಸರುಗಳದ್ದು. ನಮ್ಮ ತಾತ "ಇರ್ವಿನ್ ನಾಲೆ" ಅನ್ನುತ್ತಿದ್ದರು. ಸರ್ಕಾರಿ ಕಾಗದದಲ್ಲಿ ವಿಶ್ವೇಶ್ವರಯ್ಯ ನಾಲೆ. ಊರವರ ಬಾಯಲ್ಲಿ ವಿ.ಸಿ. ನಾಲೆ. ನೀರು ಒಂದೇ, ಊರಿನವರಿಗೆ ತೊಡಕಿಲ್ಲ. ಹೊರಗಿನವನು ಮೂರು ನಾಲೆ ಇದೆ ಅಂದುಕೊಳ್ಳುತ್ತಾನೆ. ಪ್ರಾಜೆಕ್ಟ್ ಟ್ರ್ಯಾಕಿಂಗ್ ಸಾಫ್ಟ್‌ವೇರ್‌ಗಳ ಕಥೆಯೂ ಇದೇ. ಜಿರಾದಲ್ಲಿ ಇಷ್ಟು ವರ್ಷ "ಇಶ್ಯೂ" ಅಂತಿದ್ದದ್ದು ಈಗ ಸ್ಕ್ರೀನ್ ಮೇಲೆ "ವರ್ಕ್ ಐಟಂ" ಆಗಿದೆ. ಎಪಿಐನಲ್ಲಿ ಇನ್ನೂ ಇಶ್ಯೂ. ನಮ್ಮ ಜನ ಹೇಳುವುದು ಟಿಕೆಟ್. ಮ್ಯಾನೇಜರ್ ಹೇಳುವುದು ಟಾಸ್ಕ್. ಇವೆಲ್ಲ ಒಂದೇ ಅಂತ ವಿವರಣೆಯಲ್ಲಿ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಏಜೆಂಟ್ "ಟಾಸ್ಕ್" ಅನ್ನುವ ಬಗೆಯ ಇಶ್ಯೂಗಳನ್ನಷ್ಟೇ ಹುಡುಕಿ, ಬಗ್‌ಗಳನ್ನೆಲ್ಲ ಬಿಟ್ಟು, "ಒಟ್ಟು 12 ಇವೆ" ಅಂತ ಧೈರ್ಯವಾಗಿ ಹೇಳಿಬಿಡುತ್ತದೆ.

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಇದು ಉಲ್ಟಾ, ಎರಡಕ್ಕೆ ಒಂದೇ ಹೆಸರು. ಅಲ್ಲಿ ಪ್ರತಿ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕೂಡ ಎಪಿಐ ಲೆಕ್ಕದಲ್ಲಿ ಒಂದು ಇಶ್ಯೂ. ಇಶ್ಯೂಗಳ ಪಟ್ಟಿ ಕೇಳಿದರೆ ಅವೂ ಬೆರೆತು ಬರುತ್ತವೆ. ಅದೂ ಒಂದು ಪುಟಕ್ಕೆ 30ರಂತೆ, ನೀವು ಬೇರೆ ಹೇಳದಿದ್ದರೆ. ಇವೆರಡನ್ನೂ ಬರೆಯದ ಟೂಲ್‌ಗೆ "ಎಷ್ಟು ಬಗ್ ಬಾಕಿ ಇದೆ?" ಅಂತ ಕೇಳಿ ನೋಡಿ. ಉತ್ತರ 30 ಅಂತ ಬಂದರೆ ನಗಬೇಡಿ.

ಜಿರಾ ಅನ್ನುವ ಹೆಸರು ಹುಟ್ಟಿದ್ದು "ಗೊಜಿರಾ"ದಿಂದ. ಜಪಾನಿನವರು ಗಾಡ್ಜಿಲಾನನ್ನು ಕರೆಯುವುದು ಹಾಗೆ. ಅದನ್ನು ಕಟ್ಟಿದವರು ಅದಕ್ಕೂ ಮುಂಚೆ ಬಗ್‌ಗಳ ಲೆಕ್ಕ ಇಡಲು ಬಗ್‌ಜಿಲಾ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದರಂತೆ, ಆ ತಮಾಷೆ. ಕಂಪನಿಗಳು ಸಾಫ್ಟ್‌ವೇರ್‌ಗೆ ರಾಕ್ಷಸನ ಹೆಸರನ್ನಾದರೂ ಇಟ್ಟುಕೊಳ್ಳಲಿ. ಟೂಲ್‌ಗೆ ಮಾತ್ರ ಈ ಚಮತ್ಕಾರ ಬೇಡ. "ಹ್ಯಾಂಡಲ್ ಐಟಂ", "ಪ್ರೊಸೆಸ್ ಡೇಟಾ" ಅಂತ ಹೆಸರಿಟ್ಟು ಆಮೇಲೆ ವಿವರಣೆಯಲ್ಲಿ ಎಷ್ಟು ಬೆವರು ಸುರಿಸಿದರೂ ಉಪಯೋಗ ಕಡಿಮೆ.

ಸ್ಥಿತಿ ಬದಲಿಸುವ ವಿಷಯಕ್ಕೆ ವಾಪಸ್ ಬರುತ್ತೇನೆ. ಏಜೆಂಟ್‌ಗಳು ಜಾಸ್ತಿ ಮುಗ್ಗರಿಸುವುದು ಇಲ್ಲೇ. ಜಿರಾದಲ್ಲಿ ಟಿಕೆಟ್‌ನ ಸ್ಥಿತಿಯನ್ನು ನೇರವಾಗಿ ಬರೆಯಲು ಆಗುವುದಿಲ್ಲ. ಹೆಸರು, ದಿನಾಂಕ ಬದಲಿಸಿದ ಹಾಗೆ "ಸ್ಥಿತಿ: ಡನ್" ಅಂತ ತುಂಬಿದರೆ ಕೆಲಸ ನಡೆಯದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗಲು ದಾರಿಗಳಿವೆ. ಅವಕ್ಕೆ "ಟ್ರಾನ್ಸಿಷನ್" ಅನ್ನುತ್ತಾರೆ. ಆ ದಾರಿಗೆ ಒಂದು ನಂಬರ್ ಇರುತ್ತದೆ. ಆ ನಂಬರ್ ಕೊಟ್ಟರೆ ಮಾತ್ರ ಟಿಕೆಟ್ ಕದಲುತ್ತದೆ. ಯಾವ ದಾರಿ ತೆರೆದಿದೆ ಅನ್ನುವುದು ಟಿಕೆಟ್ ಈಗ ಎಲ್ಲಿ ನಿಂತಿದೆ, ಆ ಪ್ರಾಜೆಕ್ಟ್‌ನ ವರ್ಕ್‌ಫ್ಲೋ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಒಂದು ಪ್ರಾಜೆಕ್ಟ್‌ನಲ್ಲಿ "ಟು ಡು"ನಿಂದ ಸೀದಾ "ಡನ್"ಗೆ ಜಿಗಿಯಬಹುದು. ಇನ್ನೊಂದರಲ್ಲಿ ರಿವ್ಯೂ ದಾಟದೆ ಆಗುವುದಿಲ್ಲ.

ಇದು ತಿಳಿಯದ ಏಜೆಂಟ್ ಏನು ಮಾಡುತ್ತದೆ? "ಡನ್" ಅಂತ ಬರೆಯುತ್ತದೆ. ಎರರ್. ದೊಡ್ಡಕ್ಷರದಲ್ಲಿ ಬರೆಯುತ್ತದೆ. ಎರರ್. "ಕಂಪ್ಲೀಟೆಡ್" ಅನ್ನುತ್ತದೆ. ಎರರ್. ಕೊನೆಗೆ ಕಾಮೆಂಟ್‌ನಲ್ಲಿ "ಈ ಟಿಕೆಟ್ ಮುಗಿದಿದೆ" ಅಂತ ಬರೆದು, ಕೆಲಸ ಆಯಿತು ಅಂತ ನಿಮಗೆ ವರದಿ ಒಪ್ಪಿಸುತ್ತದೆ. ಅದಕ್ಕೆ ವಿವರಣೆಯಲ್ಲಿ ಹೀಗೆ ಇರಬೇಕು: "ಮೊದಲು ದಾರಿಗಳ ಪಟ್ಟಿ ಕೊಡುವ ಟೂಲ್ ಕರೆ. ಅದರಲ್ಲಿ ಬಂದ ನಂಬರ್‌ಗಳಲ್ಲಿ ಒಂದನ್ನೇ ಇಲ್ಲಿ ಕೊಡು. ಬೇಕಾದ ದಾರಿ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಲ್ಲಿಸಿ, ಬಳಸುವವರಿಗೆ ತಿಳಿಸು." ಎರರ್ ಸಂದೇಶವೂ ವಿವರಣೆಯ ಒಂದು ತುಂಡೇ. "400, ತಪ್ಪು ವಿನಂತಿ" ಅಂದರೆ ಯಾರಿಗೆ ಏನು ತಿಳಿಯಬೇಕು? "ಈ ಟಿಕೆಟ್ ಈಗ ರಿವ್ಯೂನಲ್ಲಿದೆ, ಇಲ್ಲಿಂದ ಹೋಗಬಹುದಾದ ದಾರಿ ಇವೆರಡು" ಅಂತ ಬಂದರೆ ಎರಡನೇ ಸಲಕ್ಕೇ ಸರಿ ಹೋಗುತ್ತದೆ.

ಕೆಲವು ಕಡೆ ವಿವರಣೆ ಉದ್ದ ಮಾಡುವುದಕ್ಕಿಂತ ತುಂಬುವ ಜಾಗವನ್ನೇ ಬಿಗಿ ಮಾಡುವುದು ವಾಸಿ. ಆಂತ್ರಾಪಿಕ್‌ನವರು 2024ರ ಡಿಸೆಂಬರ್‌ನಲ್ಲಿ ತಮ್ಮ ಕೋಡಿಂಗ್ ಏಜೆಂಟ್‌ನ ಅನುಭವ ಬರೆದಿದ್ದರು. ಪ್ರಾಂಪ್ಟ್‌ಗಿಂತ ಟೂಲ್‌ಗಳನ್ನು ತಿದ್ದುವುದಕ್ಕೇ ಅವರಿಗೆ ಜಾಸ್ತಿ ಹೊತ್ತು ಹಿಡಿಯಿತಂತೆ. ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದ ಮೇಲೆ ಫೈಲ್‌ಗೆ ಅರ್ಧ ವಿಳಾಸ ಕೊಟ್ಟು ತಪ್ಪು ಮಾಡುತ್ತಿತ್ತು. ಪೂರ್ತಿ ವಿಳಾಸ ಕೊಟ್ಟರೆ ಮಾತ್ರ ಟೂಲ್ ತೆಗೆದುಕೊಳ್ಳುತ್ತದೆ ಅಂತ ಮಾಡಿದರು. ತಪ್ಪು ನಿಂತಿತು. ನಾವೂ ಸ್ಥಿತಿ, ಪ್ರಯಾರಿಟಿಗೆಲ್ಲ ಖಾಲಿ ಜಾಗ ಬಿಡುವುದನ್ನು ನಿಲ್ಲಿಸಿ, ಇಂತಿಷ್ಟರಲ್ಲಿ ಒಂದು ಆರಿಸು ಅಂತ ಪಟ್ಟಿ ಕೊಟ್ಟೆವು.

ಪ್ರಯಾರಿಟಿ ಅಂದೆ. ಲಿನಿಯರ್ ಅನ್ನುವ ಸಾಫ್ಟ್‌ವೇರ್‌ನ ಎಪಿಐನಲ್ಲಿ 1 ಅಂದರೆ ತುರ್ತು, 4 ಅಂದರೆ ಕಡಿಮೆ. 0 ಅಂದರೆ ಪ್ರಯಾರಿಟಿಯನ್ನೇ ಹಾಕಿಲ್ಲ. ಸುಮ್ನೆ "ಪ್ರಯಾರಿಟಿ, ಸಂಖ್ಯೆ, 0ರಿಂದ 4" ಅಂತ ಬರೆದರೆ ಓದಿದವರು ಯಾರಾದರೂ 4 ದೊಡ್ಡದು ಅಂದುಕೊಳ್ಳುವುದು ಸಹಜ ಅಲ್ವಾ? ಚಿಕ್ಕದರಿಂದ ಜೋಡಿಸು ಅಂದರೆ ಏನೂ ಹಾಕದ ಟಿಕೆಟ್‌ಗಳೇ ತಲೆ ಮೇಲೆ ಬಂದು ಕೂರುತ್ತವೆ.

ಸಮಯದ್ದೂ ಹೀಗೇ. ಜಿರಾದಲ್ಲಿ ಬದಲಿಸದೆ ಬಿಟ್ಟರೆ ಒಂದು ದಿನ ಅಂದರೆ 8 ಗಂಟೆ, ಒಂದು ವಾರ ಅಂದರೆ 5 ದಿನ. ಎಪಿಐ ಅಂದಾಜು ಸಮಯವನ್ನು ಸೆಕೆಂಡ್‌ನಲ್ಲಿ ಕೊಡುತ್ತದೆ. ಹಾಗಾಗಿ ಎರಡು ದಿನದ ಕೆಲಸ 57,600 ಸೆಕೆಂಡ್. ಇದನ್ನು ಹೇಳದಿದ್ದರೆ ಏಜೆಂಟ್ ದಿನಕ್ಕೆ 24 ಗಂಟೆ ಅಂತ ಲೆಕ್ಕ ಹಾಕಿ, ಎರಡು ದಿನದ ಕೆಲಸವನ್ನು ಮುಕ್ಕಾಲು ದಿನಕ್ಕೂ ಕಡಿಮೆ ಅಂತ ತೋರಿಸುತ್ತದೆ. ನೋಡಿದ ಮ್ಯಾನೇಜರ್‌ಗೆ ಬಹಳ ಖುಷಿ. ಇನ್ನು ದಿನಾಂಕ: ವರ್ಷ, ತಿಂಗಳು, ದಿನ ಅನ್ನುವ ಕ್ರಮವನ್ನು ಉದಾಹರಣೆ ಸಮೇತ ಬರೆಯಿರಿ. ಯಾವ ದೇಶದ ಗಡಿಯಾರ ಅಂತಲೂ ಬರೆಯಿರಿ. ಸರ್ವರ್ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಓಡುತ್ತಿದ್ದರೆ ನಮ್ಮಲ್ಲಿ ಬೆಳಗಿನ 5:30ರವರೆಗೂ ಅದಕ್ಕೆ ಇನ್ನೂ ನಿನ್ನೆಯೇ.

ಜನರ ಹೆಸರು ಇನ್ನೊಂದು ತಮಾಷೆ. "ಇದನ್ನ ಮಂಜುಗೆ ಹಾಕು." ನಮ್ಮ ಆಫೀಸಿನಲ್ಲಿ ನಾಲ್ಕು ಜನ ಮಂಜು ಇದ್ದಾರೆ, ಮಂಜುನಾಥ, ಮಂಜುಳಾ ಎಲ್ಲ ಸೇರಿ. ಮೈಸೂರಿನ ಯಾವ ಆಫೀಸಿನಲ್ಲಿ ಇಲ್ಲ ಹೇಳಿ! ಜಿರಾ ಕ್ಲೌಡ್ ಕೇಳುವುದು ಹೆಸರನ್ನಲ್ಲ, ಅಕೌಂಟ್ ಐಡಿಯನ್ನು. ಮೊದಲು ಜನರನ್ನು ಹುಡುಕುವ ಟೂಲ್ ಕರೆ, ಒಬ್ಬರಿಗಿಂತ ಜಾಸ್ತಿ ಸಿಕ್ಕರೆ ಊಹೆ ಮಾಡಬೇಡ, ಕೇಳು. ಈ ಒಂದು ಸಾಲು ಬರೆದ ಮೇಲೆ ಮಂಜುಳಾ ಮೇಡಂ ನನ್ನ ಜೊತೆ ಮತ್ತೆ ಮಾತಾಡಲು ಶುರು ಮಾಡಿದರು.

ಆ 43ರ ಕಥೆಯಲ್ಲಿ ಇನ್ನೊಂದು ಬಾಕಿ ಇದೆ. ಡೆವಲಪರ್ ಕೆಲಸವೂ ಮುಗಿಯದ ಟಿಕೆಟ್‌ಗಳನ್ನು ಅದು ಯಾಕೆ ಮುಚ್ಚಿತು? ಇದು ತಿಳಿಯಲು ಮೂರು ದಿನ ಬೇಕಾಯಿತು. ಆ ಟಿಕೆಟ್‌ಗಳ ಕೊನೆಯ ಕಾಮೆಂಟ್ ನೋಡಿದೆವು. "ಆಯ್ತು ಸರ್." ಹನ್ನೊಂದು ಟಿಕೆಟ್‌ನಲ್ಲಿ ಇದೇ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ನಾವು "ಆಯ್ತು" ಅಂದರೆ "ಮುಗಿಯಿತು" ಅಂತಲೂ ಹೌದು, "ಸರಿ, ಮಾಡ್ತೀನಿ" ಅಂತಲೂ ಹೌದು. ಎಷ್ಟೋ ಸಲ "ಈಗ ನನ್ನ ಬಿಟ್ಬಿಡಿ" ಅಂತ. ಯಾರು ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಅನ್ನುವುದರ ಮೇಲೆ ನಮಗೆ ಅರ್ಥ ಗೊತ್ತಾಗುತ್ತದೆ. ಏಜೆಂಟ್‌ಗೆ ದನಿ ಕೇಳಿಸಲಿಲ್ಲ. ಮುಗಿಯಿತು ಅಂತ ಓದಿಕೊಂಡಿತು. ಅದು ಕನ್ನಡ ಬಾರದೆ ಮಾಡಿದ ತಪ್ಪೂ ಅಲ್ಲ, ಕನ್ನಡ ಬಂದಿದ್ದರಿಂದಲೇ ಮಾಡಿದ್ದು.

ಈಗಿನ ವಿವರಣೆ ಓದುತ್ತೇನೆ. ನಾವು ಇಂಗ್ಲಿಷ್‌ನಲ್ಲೇ ಬರೆಯುವುದು, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ. "ಈ ಟೂಲ್ ಕರೆದ ತಕ್ಷಣ ಗ್ರಾಹಕರಿಗೆ ಮೇಲ್ ಹೋಗುತ್ತದೆ, ವಾಪಸ್ ತರಲು ಆಗುವುದಿಲ್ಲ. ಟಿಕೆಟ್ ಅನ್ನು ಕ್ಲೋಸ್ಡ್ ಸ್ಥಿತಿಗೆ ತರುತ್ತದೆ. ಗ್ರಾಹಕರು ಒಪ್ಪಿದ ಗುರುತು ಇರುವ ಟಿಕೆಟ್‌ಗೆ ಮಾತ್ರ ಬಳಸು. ಡೆವಲಪರ್ ಕೆಲಸ ಮಾತ್ರ ಮುಗಿದಿದ್ದರೆ ಇದು ಬೇಡ, ಮಾರ್ಕ್ ಡನ್ ಟೂಲ್ ಬಳಸು. ಕಾಮೆಂಟ್‌ನಲ್ಲಿರುವ ಮಾತು ನೋಡಿ ಮುಗಿದಿದೆ ಅಂತ ತೀರ್ಮಾನಿಸಬೇಡ. ಐದಕ್ಕಿಂತ ಜಾಸ್ತಿ ಇದ್ದರೆ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಪಡೆ." ಯಾವಾಗ ಬಳಸಬಾರದು ಅನ್ನುವುದೇ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ, ಗಮನಿಸಿ.

ಇಷ್ಟು ಬರೆದರೆ ಸುರಕ್ಷಿತವಾ ಅಂದರೆ, ಇಲ್ಲ. ಪಾರ್ಕಿನಲ್ಲಿ "ಹೂ ಕೀಳಬೇಡಿ" ಅಂತ ಬೋರ್ಡು ಇರುತ್ತದೆ. ಬೆಳಗಿನ ವಾಕಿಂಗ್‌ಗೆ ಬಂದವರ ಪೂಜೆ ಬುಟ್ಟಿಯೂ ತುಂಬಿರುತ್ತದೆ. ವಿವರಣೆ ಬೋರ್ಡು, ಬೇಲಿ ಬೇರೆ ಹಾಕಬೇಕು. ಎಂಸಿಪಿಯಲ್ಲಿ ಈ ಟೂಲ್ ಬರೀ ಓದುತ್ತದೆ, ಇದು ಅಳಿಸುತ್ತದೆ ಅಂತ ಗುರುತು ಹಾಕಲು ಅವಕಾಶ ಇದೆ. ಅದೂ ಬರೀ ಸುಳಿವು. ಡಿಲೀಟ್ ಮಾಡಬಾರದು ಅಂತಿದ್ದರೆ ಏಜೆಂಟ್‌ನ ಅಕೌಂಟ್‌ಗೆ ಆ ಅನುಮತಿಯನ್ನೇ ಕೊಡಬೇಡಿ. ಹೊರಗಿನವರು ಬರೆದ ಟೂಲ್ ತಂದು ಜೋಡಿಸುವಾಗಲೂ ವಿವರಣೆಯನ್ನು ಒಮ್ಮೆ ಕಣ್ಣಾರೆ ಓದಿ. ಅದರೊಳಗೆ ಕಳ್ಳ ಆಜ್ಞೆ ಸೇರಿಸಿ ಏಜೆಂಟ್‌ನ ದಾರಿ ತಪ್ಪಿಸಬಹುದು.

ಮತ್ತೆ, ಬರೆಯಿರಿ ಅಂದೆ ಅಂತ ಪುಟಗಟ್ಟಲೆ ಬರೆಯಬೇಡಿ. ಪ್ರತಿ ಪದಕ್ಕೂ ಟೋಕನ್ (ಮಾಡೆಲ್ ಓದುವ ಪದದ ತುಣುಕು) ಲೆಕ್ಕದಲ್ಲಿ ದುಡ್ಡು. ನಮ್ಮಲ್ಲಿ ಮೊದಲು 38 ಟೂಲ್ ಇದ್ದವು. ಸರ್ಚ್, ಫೈಂಡ್, ಲಿಸ್ಟ್, ಗೆಟ್ ಆಲ್ ಅಂತ ಒಂದೇ ಕೆಲಸದ ನಾಲ್ಕು. ನನಗೇ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ. ಈಗ 11 ಇವೆ. ಉಳಿದವನ್ನು ತೆಗೆದಿದ್ದಕ್ಕೆ ಯಾರೂ ಅತ್ತಿಲ್ಲ.

ಕೊನೆಯಲ್ಲಿ ಮೂರು ಪ್ರಶ್ನೆ ಬಂದವು. ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಮುಂದೆ ಮಾಡೆಲ್‌ಗಳು ಇನ್ನೂ ಚೆನ್ನಾಗಿ ಆಗ್ತವೆ. ಆಗಲೂ ಇದೆಲ್ಲ ಬೇಕಾ?" ಭಾಷೆಯಲ್ಲಿ, ತರ್ಕದಲ್ಲಿ ಅವು ಖಂಡಿತ ಮುಂದೆ ಹೋಗುತ್ತವೆ. ನಮ್ಮ ಆಫೀಸಿನಲ್ಲಿ ಕ್ಲೋಸ್ಡ್ ಅಂದರೆ ಮೇಲ್ ಹೋಗುತ್ತದೆ ಅನ್ನುವುದು ಎಷ್ಟು ಬುದ್ಧಿವಂತನಾದರೂ ಊಹಿಸಿ ತಿಳಿಯುವ ವಿಷಯವಲ್ಲ. ದೊಡ್ಡ ಇಂಜಿನಿಯರ್ ಬಂದರೂ ನಮ್ಮೂರ ತೂಬು ಯಾವ ಗದ್ದೆಗೆ ಅಂತ ಕೇಳಲೇಬೇಕು.

ಇನ್ನೊಬ್ಬರು ವಿವರಣೆಯನ್ನು ಮಾಡೆಲ್ ಕೈಲೇ ಬರೆಸಬಹುದಲ್ಲ ಅಂದರು. ಬರೆಸಿ. ಕರಡಿಗೆ ಚೆನ್ನಾಗಿರುತ್ತದೆ. ಅದಕ್ಕಿಂತ ಒಳ್ಳೆಯದು, ನೀವು ಬರೆದದ್ದನ್ನು ಕೊಟ್ಟು "ಇದರಲ್ಲಿ ನಿನಗೆ ಏನು ಗೊತ್ತಾಗಲಿಲ್ಲ?" ಅಂತ ಕೇಳುವುದು. ಇಂಟರ್ನ್ ಸಿಗದ ದಿನ ನಾನು ಹಾಗೇ ಮಾಡುತ್ತೇನೆ.

ಮೂರನೆಯದು ಹಿಂದಿನ ಸಾಲಿನಿಂದ ಬಂತು. "ಹಾಗಾದ್ರೆ ಇದನ್ನ ಯಾರು ಬರೀಬೇಕು ಸರ್? ಡೆವಲಪರ್ರಾ?" ಆ ಸೋಮವಾರ ಹೊಸ ವಿವರಣೆಯ ಕರಡು ಬರೆದದ್ದು ನಾನೇ. ಆರನೇ ಸಾಲಿನಲ್ಲಿ "ಗ್ರಾಹಕರಿಗೆ ಅಧಿಸೂಚನೆ ರವಾನೆಯಾಗುತ್ತದೆ" ಅನ್ನುವ ಅರ್ಥದ ಇಂಗ್ಲಿಷ್ ಇತ್ತು. ಶನಿವಾರ ಫೋನ್ ಹಿಡಿದು ಕೂತಿದ್ದ ಆ ಹುಡುಗಿಗೆ ಸುಮ್ನೆ ಒಂದು ಸಲ ನೋಡಮ್ಮ ಅಂತ ಕೊಟ್ಟೆ. ಅವಳು ಆ ಸಾಲು ಹೊಡೆದು ಹಾಕಿದಳು. "ಮೇಲ್ ಹೋಗುತ್ತದೆ, ವಾಪಸ್ ತರಲು ಆಗುವುದಿಲ್ಲ" ಅಂತ ಬರೆದಳು. ಬಾಣದ ಗುರುತು ಹಾಕಿ ಅದನ್ನು ಎಲ್ಲಕ್ಕಿಂತ ಮೇಲಕ್ಕೆ ಎಳೆದು ವಾಪಸ್ ಕೊಟ್ಟಳು.